ಹಾಲ್ ತುಂಬಿತ್ತು, ಆದ್ರೆ ನಮ್ಮ ಕೈಗೆ ಬಂದಿದ್ದು ಓಡಾಟದ ಖರ್ಚಿಗೂ ಸಾಲಲಿಲ್ಲ

ಓದುಗರ ಪ್ರಶ್ನೆ: ಸರ್, ನಮ್ದು ನಾಲ್ಕು ಜನರ ಬ್ಯಾಂಡ್, ನಾನು ಬೇಸ್ ಗಿಟಾರ್ ನುಡಿಸ್ತೀನಿ. ಸ್ವಂತ ಹಾಡುಗಳೇ ಜಾಸ್ತಿ. ಮೂರು ವರ್ಷದಿಂದ ನೂರು ಜನ ಹಿಡಿಯೋವಂಥ ಸಣ್ಣ ಜಾಗಗಳಲ್ಲಿ ಶೋ ಮಾಡ್ತಿದೀವಿ. ಹೋದ ಶೋಗೆ ಹಾಲ್ ತುಂಬಿದ ಹಾಗೇ ಕಾಣ್ತಿತ್ತು, ಆದ್ರೆ ಕೊನೆಗೆ ಮ್ಯಾನೇಜರ್ "48 ಟಿಕೆಟ್ ಹೋಗಿದೆ, ಸೌಂಡು, ಲೈಟು, ಪೋಸ್ಟರ್, ಗೇಟ್‌ನಲ್ಲಿ ನಿಂತೋರ ಸಂಬಳ ಅಂತ 30 ಟಿಕೆಟ್‌ನಷ್ಟು ದುಡ್ಡು ಖರ್ಚಿಗೆ ಹೋಯ್ತು, ಉಳಿದಿದ್ರಲ್ಲಿ ಅರ್ಧ ನಿಮ್ದು" ಅಂತ ಒಂದಷ್ಟು ನೋಟು ಕೈಗಿಟ್ರು. ಜಾಸ್ತಿ ಕೇಳಿದ್ರೆ "ನಿಮಗೆ ಎಕ್ಸ್‌ಪೋಷರ್ ಸಿಗ್ತಿದೆಯಲ್ಲ, ಹೊಸ ಜನ ನಿಮ್ಮನ್ನ ಕೇಳ್ತಿದಾರಲ್ಲ, ಫ್ರೀಯಾಗಿ ನುಡಿಸೋಕೆ ಬೇರೆ ಬ್ಯಾಂಡ್ ಕ್ಯೂನಲ್ಲಿದೆ" ಅಂತಾರೆ. ಮುಂದಿನ ತಿಂಗಳು ಮತ್ತೆ ಡೇಟ್ ಕೊಟ್ಟಿದಾರೆ, ಈ ಸಲ 30 ಟಿಕೆಟ್ ನಾವೇ ಮಾರ್ಬೇಕಂತೆ, ಮಾರಾಟ ಆಗದೇ ಉಳಿದಿದ್ದಕ್ಕೆ ನಾವೇ ದುಡ್ಡು ಕಟ್ಬೇಕಂತೆ. ಡ್ರಮ್ಮರ್ ಬಿಟ್ಬಿಡೋಣ ಅಂತಾನೆ, ಹಾಡೋಳು ಮಾಡೋಣ ಅಂತಾಳೆ. ನಮಗೆ ಮೋಸ ಆಗ್ತಿದೆಯಾ ಅಥವಾ ಈ ಫೀಲ್ಡೇ ಹೀಗಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಕಟ ಒಂದಕ್ಕೊಂದು ಸೇರ್ಕೊಂಡಿದೆ. ಸಿಕ್ಕಿದ್ದು ಕಡಿಮೆ ಆಯ್ತು ಅನ್ನೋದು ಒಂದು, ಹೇಳಿದ ಲೆಕ್ಕ ನಿಜಾನಾ ಅಂತ ಗೊತ್ತಾಗ್ತಿಲ್ಲ ಅನ್ನೋದು ಇನ್ನೊಂದು. ನಾನು ಬುಕಿಂಗ್, ಕಾಂಟ್ರಾಕ್ಟ್ ಕೆಲಸ ಮಾಡೋನು, ಮಾತುಕತೆಗೆ ಬ್ಯಾಂಡ್ ಕಡೆಯಿಂದಲೂ ಕೂತಿದೀನಿ, ಹಾಲ್ ಕಡೆಯಿಂದಲೂ ಕೂತಿದೀನಿ. ಎರಡೂ ಕಡೆ ನೋಡಿದ ಮೇಲೆ ಹೇಳ್ತೀನಿ, ಎರಡನೇ ಸಂಕಟ ಮೊದಲು ಬಗೆಹರಿಸ್ಕೊಳ್ಳಿ. ಲೆಕ್ಕ ಕಣ್ಣಿಗೆ ಕಾಣೋವರೆಗೂ ರೇಟ್ ಬಗ್ಗೆ ಎಷ್ಟೇ ಜಗಳ ಆಡಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ನೀವು ಯಾವುದರಲ್ಲಿ ಪಾಲು ಕೇಳ್ತಿದೀರ ಅನ್ನೋದೇ ನಿಮಗೆ ಗೊತ್ತಿರಲ್ಲ.

ನೀವು ಕೊಟ್ಟ ನಂಬರ್‌ನೇ ತಗೊಳ್ಳೋಣ, ದುಡ್ಡಿನ ಬದಲು ಟಿಕೆಟ್ ಲೆಕ್ಕದಲ್ಲೇ ಹೇಳ್ತೀನಿ. 48 ಟಿಕೆಟ್, ಅದ್ರಲ್ಲಿ 30 ಖರ್ಚಿಗೆ ಹೋದ್ರೆ ಉಳಿಯೋದು 18, ಅರ್ಧ ಅಂದ್ರೆ 9. ನಾಲ್ಕು ಜನಕ್ಕೆ ಹಂಚಿದ್ರೆ ತಲಾ ಎರಡೂಕಾಲು ಟಿಕೆಟ್ ದುಡ್ಡು. ಈಗ ಹಾಲ್ ನಿಜವಾಗ್ಲೂ ತುಂಬಿತ್ತು, 90 ಟಿಕೆಟ್ ಹೋಗಿತ್ತು ಅಂತಿಟ್ಕೊಳ್ಳಿ. 90ರಲ್ಲಿ 30 ಕಳೆದ್ರೆ 60, ನಿಮ್ಮ ಪಾಲು 30. ಜನ ಎರಡು ಪಟ್ಟೂ ಆಗ್ಲಿಲ್ಲ, ನಿಮ್ಮ ದುಡ್ಡು ಮೂರು ಪಟ್ಟು ದಾಟ್ತು. ಖರ್ಚು ಕಳೆದ ಮೇಲೆ ಪಾಲು ಅನ್ನೋ ಒಪ್ಪಂದದ ಗುಣಾನೇ ಇದು, ಎಣಿಕೆಯಲ್ಲಿ ಸ್ವಲ್ಪ ಏರುಪೇರಾದ್ರೂ ಹೊಡೆತ ಬ್ಯಾಂಡ್‌ಗೆ ಜೋರಾಗಿ ಬೀಳುತ್ತೆ. ಹಾಗೇನೇ 48 ಟಿಕೆಟ್‌ಗೆ ಖರ್ಚು 30ರ ಬದಲು 38 ಅಂತ ಬರೆದ್ರೆ ನಿಮಗೆ ಸಿಗೋದು 5. 30 ಟಿಕೆಟ್ ಮಾತ್ರ ಹೋಗಿದ್ರೆ ಸೊನ್ನೆ. ಅದಕ್ಕೇ ನಾನು ಯಾವ ಬ್ಯಾಂಡ್ ಬಂದ್ರೂ ಮೊದಲು ಕೇಳೋದು, ಪರ್ಸೆಂಟೇಜ್ ಎಷ್ಟು ಅಂತ ಅಲ್ಲ, ತಲೆ ಎಣಿಸೋರು ಯಾರು, ಖರ್ಚಿನ ಪಟ್ಟಿ ಬರೆಯೋರು ಯಾರು ಅಂತ.

ಇನ್ನೊಂದು ಮಾತು, ಹಾಲ್ ತುಂಬಿದ ಹಾಗೆ ಕಂಡಿದ್ದಕ್ಕೇ ಮೋಸ ಆಗಿದೆ ಅಂತ ತೀರ್ಮಾನ ಮಾಡ್ಬೇಡಿ. ಸ್ಟೇಜ್ ಮೇಲಿಂದ, ಲೈಟ್ ಮುಖಕ್ಕೆ ಹೊಡೀತಿರುವಾಗ, 60 ಜನ ಮುಂದೆ ಒತ್ತೊತ್ತಾಗಿ ನಿಂತ್ರೆ 100 ಜನ ಇದ್ದ ಹಾಗೇ ಕಾಣುತ್ತೆ. ಅದ್ರಲ್ಲಿ ಬ್ಯಾಂಡ್‌ನ ಸ್ನೇಹಿತರು, ಅಲ್ಲಿ ಕೆಲಸ ಮಾಡೋರು, ಗೆಸ್ಟ್ ಲಿಸ್ಟ್‌ನಲ್ಲಿ ಬಂದೋರು, ಓನರ್ ಪರಿಚಯದೋರು ಎಲ್ಲ ಸೇರಿರ್ತಾರೆ. ನಿಮ್ಮದೇ ಗೆಸ್ಟ್ ಲಿಸ್ಟ್‌ನಲ್ಲಿ ಎಷ್ಟು ಜನ ಇದ್ರು, ಒಂದ್ಸಲ ನೆನಪು ಮಾಡ್ಕೊಳ್ಳಿ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ನಿಮ್ಮ ಕಡೆಯವರೊಬ್ಬರನ್ನ ಗೇಟ್ ಹತ್ರ ಕೂರಿಸಿ. ಬೆರಳಲ್ಲಿ ಒತ್ತಿ ಎಣಿಸೋ ಕೌಂಟರ್ ಬರುತ್ತೆ, ಅದನ್ನ ಕೈಗೆ ಕೊಡಿ. ಗೇಟ್‌ನವರು ಎಣಿಸ್ತಾರೆ, ಇವರೂ ಎಣಿಸ್ತಾರೆ, ಗಂಟೆಗೊಂದ್ಸಲ ಇಬ್ಬರೂ ನಂಬರ್ ತಾಳೆ ನೋಡ್ಕೋತಾರೆ, ಅಷ್ಟೇ. ದುಡ್ಡು ಕೊಟ್ಟು ಬಂದೋರಿಗೂ ಗೆಸ್ಟ್‌ಗಳಿಗೂ ಕೈ ಮೇಲೆ ಬೇರೆ ಬೇರೆ ಸೀಲ್ ಹಾಕಿದ್ರೆ ಗೊಂದಲಾನೇ ಇರಲ್ಲ. ಆನ್‌ಲೈನ್ ಟಿಕೆಟ್ ಇದ್ರೆ ಮಾರಾಟದ ರಿಪೋರ್ಟನ್ನ ಶೋ ದಿನ ಬಾಗಿಲು ತೆರೆಯೋ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ ತೋರಿಸಿ ಅಂತ ಮೊದಲೇ ಹೇಳಿಡಿ. ಇದನ್ನ ಅನುಮಾನ ಅಂತ ತಗೊಳ್ಳೋ ಓನರ್‌ಗಳು ಕಡಿಮೆ, ಬೇಕಂತಲೇ ಮುಚ್ಚಿಡೋರಿಗೆ ಮಾತ್ರ ಕಿರಿಕಿರಿ ಆಗುತ್ತೆ. ದೊಡ್ಡ ಶೋಗಳಲ್ಲಂತೂ ರಾತ್ರಿ ಎರಡೂ ಕಡೆಯೋರು ಒಂದು ಟೇಬಲ್‌ಗೆ ಕೂತು ಸೆಟಲ್‌ಮೆಂಟ್ ಶೀಟ್‌ಗೆ, ಅಂದ್ರೆ ಆ ರಾತ್ರಿಯ ಲೆಕ್ಕದ ಹಾಳೆಗೆ, ಸೈನ್ ಹಾಕೋದು ಮಾಮೂಲಿ ಪದ್ಧತಿ.

ಖರ್ಚಿನ ವಿಷಯಕ್ಕೆ ಬಂದ್ರೆ, ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗೇ ಇದೆ. ಆ ಒಂದು ರಾತ್ರಿಗೋಸ್ಕರ ಹೊರಗಿಂದ ತಂದಿದ್ದು, ಅಂದ್ರೆ ಬಾಡಿಗೆಗೆ ತಂದ ಡ್ರಮ್ ಸೆಟ್, ಹೊರಗಿನ ಸೌಂಡ್ ಇಂಜಿನಿಯರ್, ನಿಮ್ಮ ಶೋಗೇ ಅಂತ ಹೊಡೆಸಿದ ಪೋಸ್ಟರ್, ಇದನ್ನ ಟಿಕೆಟ್ ದುಡ್ಡಲ್ಲಿ ಕಳೆಯೋದು ಸರಿ. ಆದ್ರೆ ಅಲ್ಲೇ ಗೋಡೆಗೆ ಕೂರಿಸಿರೋ ಸ್ಪೀಕರ್, ಹಾಲ್ ಬಾಡಿಗೆ, ಕರೆಂಟ್ ಬಿಲ್, ಲೈಸೆನ್ಸ್ ಫೀ ಇವೆಲ್ಲ ನೀವು ಬಂದ್ರೂ ಬರದಿದ್ರೂ ಇರೋ ಖರ್ಚು, ಅದರ ಮೇಲೆ ಬಾರ್ ವ್ಯಾಪಾರದ ಪೂರ್ತಿ ಲಾಭ ಹಾಲ್‌ನವರಿಗೇ ಹೋಗುತ್ತೆ, ಹಾಗಿರುವಾಗ ಸ್ಥಿರ ಖರ್ಚನ್ನೂ ಟಿಕೆಟ್ ದುಡ್ಡಲ್ಲಿ ಕಳೆಯೋದು ನ್ಯಾಯ ಅಲ್ಲ. ಬಾರ್ ಇಲ್ಲದ ಜಾಗ, ಬರೀ ಟಿಕೆಟ್ ನಂಬ್ಕೊಂಡು ನಡೆಯೋದು ಅಂದ್ರೆ ನಾನು ಒಪ್ತೀನಿ, ಅಲ್ಲಿ ಒಂದು ಭಾಗ ಕಳೆಯಲೇಬೇಕಾಗುತ್ತೆ. ಪಟ್ಟಿ ಏನೇ ಇರಲಿ, ಶೋಗೆ ಮುಂಚೆ ನಿಮ್ಮ ಕೈಲಿರಬೇಕು, ಇದಕ್ಕಿಂತ ಜಾಸ್ತಿ ಆಗಲ್ಲ ಅನ್ನೋ ಒಂದು ಮಿತಿಯೂ ಅದ್ರಲ್ಲಿರಬೇಕು.

ಈಗ ಓನರ್‌ಗಳೆಲ್ಲ ನಮ್ಮ ದುಡ್ಡಲ್ಲಿ ಶ್ರೀಮಂತರಾಗ್ತಿದಾರೆ ಅನ್ನೋ ಮಾತು. ಬ್ಯಾಂಡ್‌ನೋರು ಕೂತು ಮಾತಾಡೋವಾಗ ಇದು ಬರದೇ ಇರಲ್ಲ, ಆದ್ರೆ ಬಹಳಷ್ಟು ಸಣ್ಣ ಜಾಗಗಳ ವಿಷಯದಲ್ಲಿ ಇದು ನಿಜ ಅಲ್ಲ. ಬ್ರಿಟನ್ನಲ್ಲಿ ಸಣ್ಣ ಸಂಗೀತ ಜಾಗಗಳ ಪರವಾಗಿ 2014ರಿಂದ ಕೆಲಸ ಮಾಡ್ತಿರೋ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಅಂತ ಒಂದು ಸಂಸ್ಥೆ ಇದೆ, ಅವರು 2023ರ ಲೆಕ್ಕ ಹಾಕಿದಾಗ ಈ ಜಾಗಗಳ ಸರಾಸರಿ ಲಾಭ ಬರೀ 0.5 ಪರ್ಸೆಂಟ್ ಇತ್ತು, ಆ ಒಂದೇ ವರ್ಷ 125 ಜಾಗ ಮುಚ್ಚಿದ್ವು ಇಲ್ಲಾ ಲೈವ್ ಮ್ಯೂಸಿಕ್ ನಿಲ್ಲಿಸಿದ್ವು. ಬೇರೆ ದೇಶದಲ್ಲಿ ನಂಬರ್ ಬೇರೆ ಇರಬಹುದು, ಆದ್ರೆ ಕಾರಣ ಎಲ್ಲ ಕಡೆ ಒಂದೇ. ನೂರು ಜನ ಹಿಡಿಯೋ ಜಾಗಕ್ಕೆ ನೂರೊಂದನೇ ಟಿಕೆಟ್ ಮಾರೋಕೆ ಆಗಲ್ಲ, ಆದ್ರೆ ಬಾಡಿಗೆ, ಸಂಬಳ, ಕರೆಂಟ್ ಎಲ್ಲ ಪ್ರತಿ ವರ್ಷ ಏರ್ತಾನೇ ಇರುತ್ತೆ. ಜೊತೆಗೆ ಒಂದೇ ರಾತ್ರಿಗೆ ಮೂರು ಬ್ಯಾಂಡ್ ಹಾಕಿದ್ರೆ ಇರೋ ಚೂರಲ್ಲೂ ಮೂರು ಪಾಲು.

ಇದರ ಹಿಂದೆ ಇನ್ನೂ ಆಳದ ಕಾರಣ ಒಂದಿದೆ. ವಿಲಿಯಂ ಬೌಮಲ್, ವಿಲಿಯಂ ಬೊವೆನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಇದನ್ನ ಬಿಡಿಸಿ ಹೇಳಿದ್ರು. ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ ಬಂದ್ರೆ ಅಷ್ಟೇ ಜನ ಇನ್ನೂ ಜಾಸ್ತಿ ಮಾಲು ತಯಾರು ಮಾಡ್ತಾರೆ, ಅದಕ್ಕೆ ತಕ್ಕ ಹಾಗೆ ಸಂಬಳ ಏರುತ್ತೆ. ಆದ್ರೆ ನಾಲ್ಕು ಜನ ನುಡಿಸೋ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆಯೂ ನಾಲ್ಕು ಜನ ಬೇಕಿತ್ತು, ಈಗಲೂ ನಾಲ್ಕೇ ಜನ ಬೇಕು, ಅಷ್ಟೇ ಹೊತ್ತು ನುಡಿಸ್ಬೇಕು. ಬೇರೆ ಕಡೆ ಸಂಬಳ ಏರಿದ ಹಾಗೆ ಜೀವನದ ಖರ್ಚು ನಿಮಗೂ ಏರುತ್ತೆ, ನಿಮ್ಮ ಕೆಲಸ ಮಾತ್ರ ವೇಗ ಆಗಲ್ಲ. ಹಾಗಾಗಿ ನಿಮ್ಮ ಬ್ಯಾಂಡ್‌ಗೂ ಆ ಸಣ್ಣ ಹಾಲ್‌ಗೂ ಇರೋ ಕಷ್ಟದ ಬೇರು ಒಂದೇ, ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರು ಅಂದ್ಕೊಂಡು ಓಡಾಡೋದು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತೆ.

ಎಕ್ಸ್‌ಪೋಷರ್ ಬಗ್ಗೆ. ಇದು ಪೂರ್ತಿ ಸುಳ್ಳೂ ಅಲ್ಲ, ಹಾಗಂತ ಪೇಮೆಂಟ್ ಅಂತೂ ಅಲ್ಲವೇ ಅಲ್ಲ. ನಿಮ್ಮನ್ನ ಇದುವರೆಗೂ ಕೇಳದೇ ಇರೋ, ಆದ್ರೆ ಕೇಳಿದ್ರೆ ಇಷ್ಟಪಡೋ ಜನ ಎದುರಿಗಿದ್ರೆ ಅದಕ್ಕೆ ಬೆಲೆ ಇದೆ, ನಿಮ್ಮದೇ ಶೈಲಿಯ ದೊಡ್ಡ ಬ್ಯಾಂಡ್ ಒಂದರ ಶೋಗೆ ಓಪನಿಂಗ್ ಮಾಡೋದು ಅಂಥದ್ದು. ಅದೇ ಹಾಲ್‌ನಲ್ಲಿ, ನಿಮ್ಮದೇ ಸ್ನೇಹಿತರ ಮುಂದೆ ಆರನೇ ಸಲ ನುಡಿಸೋದ್ರಲ್ಲಿ ಯಾವ ಎಕ್ಸ್‌ಪೋಷರೂ ಇಲ್ಲ, ಆ ಜನರನ್ನ ಕರ್ಕೊಂಡು ಬಂದೋರೇ ನೀವು. ಪರೀಕ್ಷೆ ಮಾಡೋಕೆ ಒಂದು ದಾರಿ ಹೇಳ್ತೀನಿ, ಹೋದ ಶೋ ಆದ ವಾರದಲ್ಲಿ ನಿಮ್ಮ ಪೇಜ್‌ಗೆ ಹೊಸಬರು ಎಷ್ಟು ಜನ ಸೇರಿದ್ರು, ಬೇರೆ ಶೋಗೆ ಯಾರಾದ್ರೂ ಕರೆದ್ರಾ, ಟೀ ಶರ್ಟ್ ಎಷ್ಟು ಹೋಯ್ತು ಅಂತ ಬರೆದಿಡಿ. ಒಂದು ನಾಲ್ಕೈದು ಶೋ ಬರೆದ್ರೆ ಯಾವ ಜಾಗ ನಿಮಗೆ ಏನು ಕೊಡ್ತಿದೆ ಅಂತ ಕಾಗದದ ಮೇಲೇ ಕಾಣುತ್ತೆ. ಟೀ ಶರ್ಟ್ ಅಂದಾಗ ನೆನಪಾಯ್ತು, ಕೆಲವು ಕಡೆ ನಿಮ್ಮ ಮರ್ಚಂಡೈಸ್ ಮಾರಾಟದಲ್ಲೂ ಕಮಿಷನ್ ಕಟ್ ಮಾಡ್ತಾರೆ, ಅದನ್ನ ಡೇಟ್ ಒಪ್ಪೋ ಮುಂಚೆನೇ ಕೇಳಿ.

ಫ್ರೀಯಾಗಿ ನುಡಿಸೋ ಬ್ಯಾಂಡ್‌ಗಳಿಂದ ರೇಟ್ ಹಾಳಾಗುತ್ತಾ ಅಂದ್ರೆ, ಆಗುತ್ತೆ. ಆದ್ರೆ ಅವರಲ್ಲಿ ಬಹಳ ಜನ ಬೇರೆ ಕೆಲಸ ಇಟ್ಕೊಂಡು, ಪ್ರೀತಿಗೋಸ್ಕರ ನುಡಿಸೋರು, ಅವರನ್ನ ಬೈದು ಏನೂ ಬದಲಾಗಲ್ಲ. ಅವರ ಹತ್ರ ಹೋಗಿ ಮಾತಾಡಿ. ಟಿಕೆಟ್ ಇಟ್ಟಿರೋ ಶೋಗೆ ಫ್ರೀಯಾಗಿ ನುಡಿಸ್ಬೇಡಿ, ಲೆಕ್ಕ ತೋರಿಸಿ ಅಂತ ಎಲ್ಲರೂ ಕೇಳೋಣ, ಇಷ್ಟು ಹೇಳಿದ್ರೆ ಬಹಳ ಜನ ಒಪ್ತಾರೆ. ಒಂದು ಎಚ್ಚರ ಮಾತ್ರ ಇರಲಿ, ಕೆಲವು ದೇಶಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡೋರು ಒಟ್ಟಾಗಿ ಸೇರಿ ಇಷ್ಟೇ ರೇಟ್ ಅಂತ ಫಿಕ್ಸ್ ಮಾಡಿದ್ರೆ ಸ್ಪರ್ಧಾ ಕಾನೂನಿನ ತಕರಾರು ಬರುತ್ತೆ, ಹಾಗಾಗಿ ರೇಟಿಗಿಂತ ಷರತ್ತುಗಳ ಮೇಲೆ ಒಗ್ಗಟ್ಟು ಮಾಡೋದು ಸುರಕ್ಷಿತ. ಯೂನಿಯನ್ ಇರೋ ಕಡೆ ಅದರ ಮೂಲಕ ಹೋಗಿ.

ಒಗ್ಗಟ್ಟಿನಿಂದ ಏನಾಗುತ್ತೆ ಅನ್ನೋರಿಗೆ ನಾನು ಯಾವಾಗ್ಲೂ ಒಂದು ಹಳೇ ವಿಷಯ ಹೇಳ್ತೀನಿ. ಅಮೆರಿಕದಲ್ಲಿ 1896ರಲ್ಲಿ ಶುರುವಾದ ಅಮೆರಿಕನ್ ಫೆಡರೇಶನ್ ಆಫ್ ಮ್ಯೂಸಿಶಿಯನ್ಸ್ ಅನ್ನೋ ಯೂನಿಯನ್ ಇದೆ. ರೆಕಾರ್ಡು, ರೇಡಿಯೋ ಬಂದು ಲೈವ್ ನುಡಿಸೋರ ಕೆಲಸ ಹೋಗ್ತಿದೆ ಅಂತ ಅವರು 1942ರ ಆಗಸ್ಟ್‌ನಲ್ಲಿ ರೆಕಾರ್ಡಿಂಗೇ ನಿಲ್ಲಿಸಿಬಿಟ್ರು. ಎರಡು ವರ್ಷದ ಮೇಲೆ ನಡೀತು ಆ ಹೋರಾಟ. ಕೊನೆಗೆ ರೆಕಾರ್ಡ್ ಕಂಪನಿಗಳು ಮಾರಾಟದ ಒಂದು ಪಾಲನ್ನ ಯೂನಿಯನ್ನಿನ ನಿಧಿಗೆ ಕೊಡೋಕೆ ಒಪ್ಪಿದ್ವು, ಆ ದುಡ್ಡಲ್ಲಿ ಜನರಿಗೆ ಉಚಿತ ಕಾರ್ಯಕ್ರಮ, ನುಡಿಸಿದೋರಿಗೆ ಸರಿಯಾದ ಸಂಬಳ. ದುಡ್ಡು ಎಲ್ಲಿ ಸೇರ್ತಿದೆಯೋ ಅಲ್ಲಿಂದ ಒಂದು ಚೂರು ಕೆಳಗೆ ಹರಿಸೋ ಈ ದಾರಿಯನ್ನೇ ಈಗ ಬೇರೆ ಬೇರೆ ದೇಶಗಳಲ್ಲಿ ಬೇರೆ ರೂಪದಲ್ಲಿ ಹಿಡೀತಿದಾರೆ. ಬ್ರಿಟನ್ನಲ್ಲಿ 2024ರಲ್ಲಿ ಸಂಸದೀಯ ಸಮಿತಿಯೇ ಸ್ಟೇಡಿಯಂ, ಅರೇನಾ ಟಿಕೆಟ್‌ಗಳ ಮೇಲೆ ಸಣ್ಣ ಜಾಗಗಳಿಗೋಸ್ಕರ ಸ್ವಯಂಪ್ರೇರಿತ ಲೆವಿ, ಅಂದ್ರೆ ಒಂದು ಸಣ್ಣ ಶುಲ್ಕ, ಹಾಕಿ ಅಂತ ಶಿಫಾರಸು ಮಾಡ್ತು. ಫ್ರಾನ್ಸ್‌ನಲ್ಲಿ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಆದಾಯದ ಮೇಲೆ 3.5 ಪರ್ಸೆಂಟ್ ತೆರಿಗೆ ಇದೆ, ಅದು ಸಂಗೀತ ಕ್ಷೇತ್ರಕ್ಕೇ ವಾಪಸ್ ಬರುತ್ತೆ. ಅಲ್ಲಿನ ಕಾನೂನು ಸ್ಟೇಜ್ ಮೇಲೆ ನುಡಿಸೋರನ್ನ ಮೊದಲಿಗೆ ಉದ್ಯೋಗಿ ಅಂತಲೇ ಪರಿಗಣಿಸುತ್ತೆ, ವರ್ಷಕ್ಕೆ 507 ಗಂಟೆ ಕೆಲಸ ತೋರಿಸಿದ್ರೆ ಕೆಲಸ ಇಲ್ಲದ ದಿನಗಳಿಗೆ ಭತ್ಯೆಯೂ ಸಿಗುತ್ತೆ. ಇದೆಲ್ಲ ನಿಮ್ಮ ಮುಂದಿನ ತಿಂಗಳ ಶೋಗೆ ಉಪಯೋಗಕ್ಕೆ ಬರಲ್ಲ ಅಂತ ಗೊತ್ತು, ಆದ್ರೆ ಸಮಸ್ಯೆಯನ್ನ ನೀವು ನಾಲ್ಕು ಜನ, ಆ ಒಬ್ಬ ಮ್ಯಾನೇಜರ್ ಸೇರಿ ಪೂರ್ತಿ ಬಗೆಹರಿಸೋಕೆ ಆಗಲ್ಲ ಅನ್ನೋದು ತಿಳಿದಿದ್ರೆ ಒಬ್ಬರ ಮೇಲೊಬ್ಬರಿಗೆ ಇರೋ ಸಿಟ್ಟು ಸ್ವಲ್ಪ ಇಳಿಯುತ್ತೆ.

ಸರಿ, ನಿಮ್ಮ ಮುಂದಿರೋ ದಾರಿಗಳು. ನಾನು ಇವನ್ನೆಲ್ಲ ಒಂದೇ ಪ್ರಶ್ನೆ ಇಟ್ಕೊಂಡು ನೋಡ್ತೀನಿ, ಜನ ಬರಲಿಲ್ಲ ಅಂದ್ರೆ ನಷ್ಟ ಯಾರ ತಲೆ ಮೇಲೆ?

ಫಿಕ್ಸ್ ಪೇಮೆಂಟ್ ಅಂದ್ರೆ ನಷ್ಟ ಪೂರ್ತಿ ಹಾಲ್‌ನವರದ್ದು. ನಿಮಗೆ ನೆಮ್ಮದಿ, ಆದ್ರೆ ಮೊತ್ತ ಸಣ್ಣದಿರುತ್ತೆ, ಹಾಲ್ ತುಂಬಿ ತುಳುಕಿದ್ರೂ ಅಷ್ಟೇ ಸಿಗೋದು, ಎರಡು ಸಲ ಜನ ಬರಲಿಲ್ಲ ಅಂದ್ರೆ ಮೂರನೇ ಸಲ ಫೋನೇ ಬರಲ್ಲ. ಬರೀ ಗೇಟ್ ಕಲೆಕ್ಷನ್‌ನಲ್ಲಿ ಪಾಲು ಅಂದ್ರೆ, ಅದೂ ಖರ್ಚು ಮೊದಲು ಕಳೆದು, ನಷ್ಟದ ದೊಡ್ಡ ಭಾಗ ನಿಮ್ಮದು. ಈಗ ನೀವಿರೋದು ಇಲ್ಲೇ. ಖರ್ಚು ಕಳೆಯದೇ ಒಟ್ಟು ಕಲೆಕ್ಷನ್‌ನಲ್ಲಿ ಪರ್ಸೆಂಟೇಜ್ ಕೇಳೋದು ಇನ್ನೊಂದು ದಾರಿ, ಪರ್ಸೆಂಟೇಜ್ ಕಡಿಮೆ ಕಂಡ್ರೂ ಲೆಕ್ಕ ಸರಳ. ನಿಮ್ಮ 48 ಟಿಕೆಟ್‌ನಲ್ಲಿ ಒಟ್ಟಿನ ಮೇಲೆ ಕಾಲು ಭಾಗ ಅಂದ್ರೂ 12 ಬರ್ತಿತ್ತು, ನಿಮಗೆ ಸಿಕ್ಕಿದ್ದು 9. ಆದ್ರೆ ಹಾಲ್ ತುಂಬಿದ ದಿನ ಇದೇ ಕಾಲು ಭಾಗ ನಿಮಗೆ ನಷ್ಟ, 90ಕ್ಕೆ ಇಪ್ಪತ್ತೆರಡೂವರೆ ಅಷ್ಟೇ ಬರುತ್ತೆ.

ನನಗೆ ಸಣ್ಣ ಜಾಗಗಳಿಗೆ ಸರಿ ಅನ್ಸೋದು ಎರಡೂ ಸೇರಿರೋ ಒಪ್ಪಂದ, ಕನಿಷ್ಠ ಇಷ್ಟು ಗ್ಯಾರಂಟಿ ಅಥವಾ ಖರ್ಚು ಕಳೆದು ಇಷ್ಟು ಪರ್ಸೆಂಟ್, ಯಾವುದು ಜಾಸ್ತಿಯೋ ಅದು. ಗ್ಯಾರಂಟಿ 12 ಟಿಕೆಟ್ ದುಡ್ಡು, ಇಲ್ಲಾ 60 ಪರ್ಸೆಂಟ್ ಅಂತಿಟ್ಕೊಳ್ಳಿ. 48 ಟಿಕೆಟ್ ಹೋದ್ರೆ 18ರಲ್ಲಿ 60 ಪರ್ಸೆಂಟ್ ಅಂದ್ರೆ 10.8, ಅದಕ್ಕಿಂತ ಗ್ಯಾರಂಟಿ ಜಾಸ್ತಿ, ಸೋ 12 ಬರುತ್ತೆ. 90 ಹೋದ್ರೆ 36. ಆದ್ರೆ ಓನರ್ ಕಡೆಯಿಂದಲೂ ನೋಡಿ, 20 ಜನ ಬಂದ ರಾತ್ರಿ ಅವರು 30 ಖರ್ಚು ಮಾಡಿ ನಿಮಗೆ 12 ಕೊಡ್ಬೇಕು, ಒಳಗೆ ಬಂದಿದ್ದು 20 ಮಾತ್ರ. 22 ಟಿಕೆಟ್ ದುಡ್ಡು ಕೈಯಿಂದ ಹೋಯ್ತು, ಅಷ್ಟನ್ನೂ ಬಾರ್ ವ್ಯಾಪಾರದಲ್ಲೇ ತುಂಬ್ಕೋಬೇಕು. ಅದಕ್ಕೇ ವಾರದ ಮಧ್ಯೆ ಈ ಒಪ್ಪಂದಕ್ಕೆ ಹಿಂಜರೀತಾರೆ, ಅದು ಜಿಪುಣತನ ಅಲ್ಲ. ವಾರದ ಮಧ್ಯದ ಶೋಗೆ ಗ್ಯಾರಂಟಿ ಇಳಿಸಿ ಪರ್ಸೆಂಟ್ ಏರಿಸಿ ಕೇಳಿ, ಮಾತುಕತೆ ಮುಂದೆ ಹೋಗುತ್ತೆ.

ಗ್ಯಾರಂಟಿ ಎಷ್ಟು ಕೇಳ್ಬೇಕು ಅನ್ನೋದಕ್ಕೆ ನಿಮ್ಮ ಖರ್ಚಿನಿಂದ ಶುರು ಮಾಡಿ. ಓಡಾಟ, ರಿಹರ್ಸಲ್ ರೂಮ್ ಬಾಡಿಗೆ, ಸ್ಟ್ರಿಂಗು, ಸ್ಟಿಕ್ಕು, ಸಾಮಾನು ಹೊತ್ತೋರಿಗೆ ಕೊಟ್ಟಿದ್ದು. 45 ನಿಮಿಷದ ಸೆಟ್‌ಗೆ ಮನೆ ಬಿಟ್ಟಾಗಿಂದ ವಾಪಸ್ ಬರೋವರೆಗೂ ಆರೇಳು ಗಂಟೆ ಆರಾಮಾಗಿ ಹೋಗುತ್ತೆ, ಸಾಮಾನು ಇಳಿಸೋದು, ಸೌಂಡ್ ಚೆಕ್‌ಗೆ ಕಾಯೋದು, ಎಲ್ಲ ಮುಗಿದ ಮೇಲೆ ಮತ್ತೆ ಲೋಡ್ ಮಾಡೋದು ಎಲ್ಲ ಕೆಲಸಾನೇ. ಕೈಯಿಂದ ಹೋಗೋ ಖರ್ಚಾದ್ರೂ ಗ್ಯಾರಂಟಿಯಲ್ಲಿ ಬರಲೇಬೇಕು, ಅದಕ್ಕಿಂತ ಕೆಳಗೆ ನುಡಿಸೋದಾದ್ರೆ ನೀವೇ ಆ ಹಾಲ್‌ಗೆ ಸಬ್ಸಿಡಿ ಕೊಡ್ತಿದೀರ ಅಂತ ತಿಳ್ಕೊಂಡು ಒಪ್ಕೊಳ್ಳಿ.

ಸ್ವಂತ ಹಾಡು ಜಾಸ್ತಿ ಅಂದ್ರಲ್ಲ, ಬಹಳ ಬ್ಯಾಂಡ್‌ಗಳು ಬಿಟ್ಟುಬಿಡೋ ದುಡ್ಡೊಂದಿದೆ. ಸಾರ್ವಜನಿಕವಾಗಿ ಸಂಗೀತ ನುಡಿಸೋಕೆ ಹಾಲ್‌ಗಳು ಹಾಡಿನ ಹಕ್ಕು ನೋಡ್ಕೊಳ್ಳೋ ಸಂಸ್ಥೆಗಳಿಗೆ ಲೈಸೆನ್ಸ್ ಫೀ ಕಟ್ಬೇಕಾಗುತ್ತೆ. ಅಮೆರಿಕದ ಆಸ್ಕ್ಯಾಪ್, ಬ್ರಿಟನ್ನಿನ ಪಿಆರ್‌ಎಸ್ ಎರಡೂ 1914ರವು, ಭಾರತದ ಐಪಿಆರ್‌ಎಸ್ 1969ರದ್ದು. ಆ ಫೀನಲ್ಲಿ ಹಾಡು ಬರೆದೋರಿಗೆ, ರಾಗ ಹಾಕಿದೋರಿಗೆ ಪಾಲಿದೆ, ಆದ್ರೆ ನೀವು ಸದಸ್ಯರಾಗಿ, ಹಾಡು ರಿಜಿಸ್ಟರ್ ಮಾಡಿರ್ಬೇಕು. ಲೈವ್ ಶೋನ ಸೆಟ್ ಲಿಸ್ಟ್, ಅಂದ್ರೆ ಅವತ್ತು ನುಡಿಸಿದ ಹಾಡುಗಳ ಪಟ್ಟಿ, ತಗೊಳ್ಳೋ ವ್ಯವಸ್ಥೆ ಕೆಲವು ಸಂಸ್ಥೆಗಳಲ್ಲಿದೆ, ಇದ್ರೆ ಪ್ರತಿ ಶೋ ಆದ್ಮೇಲೂ ಕಳಿಸಿ. ದೊಡ್ಡ ಮೊತ್ತ ಬರಲ್ಲ, ಆದ್ರೆ ಯಾರ ಹತ್ರನೂ ಚೌಕಾಸಿ ಮಾಡದೇ ಬರೋ ದುಡ್ಡು. ಅದು ಬರೆದವರ ಹೆಸರಿಗೆ ಬರುತ್ತೆ ಅನ್ನೋದನ್ನ ಬ್ಯಾಂಡ್ ಒಳಗೆ ಮೊದಲೇ ಮಾತಾಡ್ಕೊಳ್ಳಿ, ಇದೇ ವಿಷಯಕ್ಕೆ ಒಳ್ಳೊಳ್ಳೆ ಬ್ಯಾಂಡ್ ಒಡೆದುಹೋಗಿದ್ದು ನೋಡಿದೀನಿ.

ಈಗ ಮುಂದಿನ ತಿಂಗಳ ಡೇಟ್. ಉಳಿದ ಟಿಕೆಟ್‌ಗೆ ನೀವು ದುಡ್ಡು ಕಟ್ಬೇಕು ಅನ್ನೋ ಷರತ್ತಿಗೆ ಒಪ್ಬೇಡಿ. ಇದು ಹೊಸದೇನಲ್ಲ, 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ಕ್ಲಬ್‌ಗಳಲ್ಲಿ ಬ್ಯಾಂಡ್‌ಗಳೇ ಮುಂಗಡವಾಗಿ ಟಿಕೆಟ್ ಕೊಂಡ್ಕೊಂಡು ಮಾರ್ಬೇಕಿತ್ತು, ದುಡ್ಡು ಕೊಟ್ಟು ನುಡಿಸೋ ಪದ್ಧತಿ ಅಂತಲೇ ಅದಕ್ಕೆ ಕೆಟ್ಟ ಹೆಸರು ಬಂತು. ಇಲ್ಲಿ ನಷ್ಟ ನೂರಕ್ಕೆ ನೂರು ನಿಮ್ಮ ತಲೆ ಮೇಲೆ ಬರುತ್ತೆ, ಜನರನ್ನ ಕರೆಸೋ ಅವಸರ ಹಾಲ್‌ನವರಿಗೆ ಇರೋದೇ ಇಲ್ಲ. ಟಿಕೆಟ್ ಮಾರೋಕೆ ನೀವು ಸಹಾಯ ಮಾಡೋದು ಬೇರೆ ವಿಷಯ, ಅದು ನ್ಯಾಯವೇ, ಪೋಸ್ಟ್ ಹಾಕಿ, ನಿಮ್ಮ ಜನಕ್ಕೆ ಹೇಳಿ. ಮಾರಿದ ಪ್ರತಿ ಟಿಕೆಟ್‌ಗೂ ಇಷ್ಟು ಅಂತ ಬ್ಯಾಂಡ್‌ಗೆ ಕೊಡೋದಾದ್ರೆ ಇನ್ನೂ ಒಳ್ಳೇದು.

ಮ್ಯಾನೇಜರ್‌ಗೆ ಫೋನ್‌ನಲ್ಲಿ ಬೇಡ, ಮೆಸೇಜ್ ಹಾಕಿ, ಬರಹದಲ್ಲಿರಲಿ. ಹೀಗೆ ಬರೀಬಹುದು: "ಸರ್, ಡೇಟ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ನಮಗೂ ಅಲ್ಲಿ ನುಡಿಸೋಕೆ ಇಷ್ಟ. 30 ಟಿಕೆಟ್ ಮಾರೋಕೆ ನಮ್ಮ ಕೈಲಾದಷ್ಟು ಪ್ರಯತ್ನ ಮಾಡ್ತೀವಿ, ಆದ್ರೆ ಉಳಿದಿದ್ದಕ್ಕೆ ದುಡ್ಡು ಕಟ್ಟೋಕೆ ಆಗಲ್ಲ. ಕನಿಷ್ಠ 12 ಟಿಕೆಟ್‌ನಷ್ಟು ಗ್ಯಾರಂಟಿ ಅಥವಾ ಖರ್ಚು ಕಳೆದು 60 ಪರ್ಸೆಂಟ್, ಯಾವುದು ಜಾಸ್ತಿಯೋ ಅದು ಅಂತ ಮಾಡೋಣ್ವಾ? ಖರ್ಚಿನ ಪಟ್ಟಿ ಮುಂಚೆನೇ ಕಳಿಸಿ, ಗೇಟ್‌ನಲ್ಲಿ ನಮ್ಮ ಕಡೆಯೋರೊಬ್ರು ಇರ್ತಾರೆ, ಪೇಮೆಂಟ್ ಅವತ್ತೇ ರಾತ್ರಿ. ಶೋಗೆ ಒಂದು ವಾರದೊಳಗೆ ನಿಮ್ಮ ಕಡೆಯಿಂದ ಕ್ಯಾನ್ಸಲ್ ಆದ್ರೆ ಗ್ಯಾರಂಟಿಯಲ್ಲಿ ಅರ್ಧ ಕೊಡಿ."

ಇದಕ್ಕೆ ಅವರು ನಂಬರ್ ಬದಲಾಯಿಸಿ ವಾಪಸ್ ಬಂದ್ರೆ ಒಳ್ಳೇ ಲಕ್ಷಣ, ಚೌಕಾಸಿ ಮಾಡಿ, 8 ಟಿಕೆಟ್ ಗ್ಯಾರಂಟಿಗೆ ಇಳಿದ್ರೂ ಲೆಕ್ಕ ತೋರಿಸ್ತೀನಿ ಅಂದ್ರೆ ನಾನಾಗಿದ್ರೆ ಒಪ್ತೀನಿ. ಲೆಕ್ಕ ಗಿಕ್ಕ ಏನೂ ಇಲ್ಲ, ಇಷ್ಟ ಇದ್ರೆ ಬನ್ನಿ ಅಂದ್ರೆ ನಿಮ್ಮ ಡ್ರಮ್ಮರ್ ಹೇಳಿದ್ದೇ ಸರಿ. ಆಗ ಬೇರೆ ಎರಡು ಬ್ಯಾಂಡ್ ಸೇರಿಸ್ಕೊಂಡು ಸಣ್ಣ ಹಾಲ್ ಒಂದನ್ನ ನೀವೇ ಬಾಡಿಗೆಗೆ ತಗೊಂಡು ಶೋ ಮಾಡಬಹುದು, ನಷ್ಟ ಪೂರ್ತಿ ನಿಮ್ಮದೇ ಆಗುತ್ತೆ ನಿಜ, ಆದ್ರೆ ಗೇಟೂ ನಿಮ್ಮದೇ, ಪಟ್ಟಿಯೂ ನಿಮ್ಮದೇ. ಮೊದಲ ಸಲಕ್ಕೆ ಬಾಡಿಗೆ, ಸೌಂಡು ಎರಡೂ ಸೇರಿ 40 ಟಿಕೆಟ್ ದಾಟದ ಜಾಗ ನೋಡಿ, ಅದನ್ನೂ ಮೂರು ಬ್ಯಾಂಡ್ ಮುಂಚೆನೇ ಸಮ ಪಾಲು ಹಾಕಿ ಕಟ್ಟಿಬಿಡಿ.